ತಂಗಿಯ ಮದುವೆ, ನಾಲ್ಕು ರಾತ್ರಿ: ಬೈಪೋಲಾರ್ ಇರುವವರು ನಿದ್ದೆ ಹೇಗೆ ಉಳಿಸಿಕೊಳ್ಳುತ್ತೀರಿ?

ಸಾಗರದ ಮಳೆ
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಸುಮ್ನೆ ಓದುತ್ತಿದ್ದೆ, ಬರೆಯುವುದು ಇದೇ ಮೊದಲು. ನನಗೆ 31 ವರ್ಷ. ಎಂಟು ವರ್ಷದ ಹಿಂದೆ ಬೈಪೋಲಾರ್ ಅಂತ ಗೊತ್ತಾಯಿತು, ಮನಸ್ಸು ಕೆಲವೊಮ್ಮೆ ಅತಿಯಾಗಿ ಏರುವ, ಕೆಲವೊಮ್ಮೆ ಪೂರ್ತಿ ಕುಸಿಯುವ ಕಾಯಿಲೆ. ಚೀಟಿಯಲ್ಲಿ ಡಾಕ್ಟರ್ 'ಬಿಪಿಎಡಿ' ಅಂತ ಬರೆಯುತ್ತಾರಲ್ಲ, ಅದೇ. ಅದಕ್ಕೆ ಲಿಥಿಯಂ ಮಾತ್ರೆ ತಗೊಳ್ಳುತ್ತೇನೆ, ರಾತ್ರಿ ಒಂದು ಕ್ವೆಟಿಯಾಪಿನ್ ಮಾತ್ರೆ. ಮೂರು ವರ್ಷದಿಂದ ಆರಾಮಾಗಿದ್ದೇನೆ. ಊರಿನ ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ.

ಏಪ್ರಿಲ್ ಕೊನೆಗೆ ತಂಗಿಯ ಮದುವೆ. ನಮ್ಮ ಕಡೆ ಮದುವೆ ಅಂದರೆ ಒಂದು ದಿನಕ್ಕೆ ಮುಗಿಯುವುದಿಲ್ಲ. ಚಪ್ಪರ, ನಾಂದಿ, ಧಾರೆ, ಆಮೇಲೆ ಹುಡುಗನ ಮನೆಯಲ್ಲಿ ವಧೂಪ್ರವೇಶ. ಮನೆ ತುಂಬಾ ನೆಂಟರು. ಉಪ್ಪರಿಗೆಯಲ್ಲಿ ಸಾಲಾಗಿ ಹಾಸಿಗೆ. ರಾತ್ರಿ ಎರಡರವರೆಗೆ ಇಸ್ಪೀಟು, ಬೆಳಗಿನ ಜಾವ ನಾಲ್ಕಕ್ಕೆ ಅಡುಗೆಯವರು ಒಲೆ ಹಚ್ಚಿ ಆಗಿರುತ್ತದೆ.

ಹೆದರಿಕೆಗೆ ಕಾರಣ ಇದೆ. ನನಗೆ ಮೊದಲ ಸಲ ಕಾಯಿಲೆ ಹೆಚ್ಚಾಗಿದ್ದೇ ಅಣ್ಣನ ಮದುವೆಯಲ್ಲಿ. ಮೂರು ರಾತ್ರಿ ನಿದ್ದೆ ಇಲ್ಲ, ಸುಸ್ತೂ ಇಲ್ಲ. ಎಲ್ಲರೂ 'ಎಷ್ಟು ಚುರುಕು ನೋಡು ಈ ಹುಡುಗಿ' ಅಂತ ಹೊಗಳಿದರು. ನಾಲ್ಕನೇ ದಿನ ಪೇಟೆಗೆ ಹೋಗಿ 40 ಸ್ಟೀಲ್ ಡಬ್ಬಿ ತಗೊಂಡೆ. ಅಂಗಡಿಯ ಮುಂದೆ ನಿಂತು ಎಲ್ಲದರ ಮೇಲೂ ಅತ್ತಿಗೆಯ ಹೆಸರು ಕೊರೆಸಿದೆ. ಆ ಮಷಿನ್ನಿನ ಕರ್ರ್ ಅನ್ನುವ ಸದ್ದು ನನಗೆ ಹಾಡಿನ ಹಾಗೆ ಕೇಳುತ್ತಿತ್ತು. ವಾರದ ಒಳಗೆ ಆಸ್ಪತ್ರೆಯಲ್ಲಿದ್ದೆ. ಅತ್ತಿಗೆ ಈಗಲೂ ಆ ಡಬ್ಬಿಗಳಲ್ಲಿ ಹಪ್ಪಳ ತುಂಬಿಡುತ್ತಾರೆ. ನೋಡಿದಾಗಲೆಲ್ಲ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಗುತ್ತದೆ.

ಇನ್ನೊಂದು. ನಾನು ಸ್ವಲ್ಪ ಜೋರಾಗಿ ನಕ್ಕರೂ ಅಮ್ಮ 'ಮಾತ್ರೆ ತಗೊಂಡ್ಯಾ?' ಅಂತಾರೆ. ಯಾರಿದ್ದಾರೆ, ಯಾರಿಲ್ಲ ಅಂತ ನೋಡುವುದಿಲ್ಲ. ತಂಗಿಯ ಮದುವೆಯಲ್ಲಿ ನಾನು ನಗಬಾರದಾ? ಈ ನಾಲ್ಕು ದಿನ ಹೇಗೆ ಕಳೆಯಲಿ, ಹೇಳಿ.

ಬೆಳಗಾವಿ ಕುಂದಾ
ತಂಗೀ, ಒಂದೇ ಮಾತು. ಮದುವೆ ಮನೆಯಲ್ಲಿ ಮಲಗಬೇಡ. ಪಕ್ಕದ ಮನೆಯೋ, ದೊಡ್ಡಮ್ಮನ ಮನೆಯೋ, ನಡೆದು ಹೋಗುವಷ್ಟು ದೂರದಲ್ಲಿ ಒಂದು ಕೋಣೆ ಈಗಲೇ ಗೊತ್ತು ಮಾಡಿಟ್ಟುಕೋ. ಆ ದಿನ ನೋಡೋಣ ಅಂದರೆ ಆಗುವುದಿಲ್ಲ. ಆ ಹೊತ್ತಿಗೆ ಅಲ್ಲಿ ಇನ್ಯಾರೋ ಮಲಗಿರುತ್ತಾರೆ.

ನನಗೆ ಹದಿನೈದು ವರ್ಷವಾಯಿತು. ನನ್ನ ಅನುಭವದಲ್ಲಿ ನಿದ್ದೆ ಕೆಟ್ಟ ಮೇಲೆ ಕಾಯಿಲೆ ಬರುತ್ತದೆ, ಕಾಯಿಲೆ ಬಂದ ಮೇಲೆ ನಿದ್ದೆ ಇನ್ನೂ ಕೆಡುತ್ತದೆ. ಒಂದು ರಾತ್ರಿ ಹೋದರೆ ಹೋಗಲಿ. ಎರಡನೇ ರಾತ್ರಿ ಬಿಟ್ಟುಕೊಡಬೇಡ. ಶಿವರಾತ್ರಿ ಜಾಗರಣೆ ಬಿಟ್ಟು ಹತ್ತು ವರ್ಷವಾಯಿತು. ಸಂಜೆ ಗುಡಿಗೆ ಹೋಗಿ ಬಿಲ್ವಪತ್ರೆ ಏರಿಸಿ ಬರುತ್ತೇನೆ, ಹತ್ತಕ್ಕೆ ಮಲಗುತ್ತೇನೆ. ಶಿವ ಏನೂ ಬೇಜಾರು ಮಾಡಿಕೊಂಡಿಲ್ಲ.

ನೈಟ್ ಶಿಫ್ಟ್ ಬಿಟ್ಟವನು
ನಾನೂ ಇದೇ ಕೇಳಬೇಕು ಅಂತಿದ್ದೆ. ಕಾಯುತ್ತೇನೆ.

ಔಷಧಿ ಅಂಗಡಿ ತುಮಕೂರು
ಮೇಡಂ, ಒಂದು ಮುಖ್ಯ ವಿಷಯ. ಮದುವೆ ಮನೆಯಲ್ಲಿ ಸೊಂಟ ನೋವು, ತಲೆನೋವು ಅಂದರೆ ಯಾರೋ ಒಬ್ಬರು ಚೀಲದಿಂದ ಮಾತ್ರೆ ತೆಗೆದುಕೊಡುತ್ತಾರೆ. ಲಿಥಿಯಂ ತಗೊಳ್ಳುವವರು ಐಬುಪ್ರೊಫೆನ್, ಡೈಕ್ಲೋಫಿನಾಕ್ ಇರುವ ನೋವಿನ ಮಾತ್ರೆ ನುಂಗಬಾರದು. ಅವು ಕಿಡ್ನಿಯಿಂದ ಲಿಥಿಯಂ ಹೊರಗೆ ಹೋಗುವುದನ್ನು ಕಡಿಮೆ ಮಾಡುತ್ತವೆ, ರಕ್ತದಲ್ಲಿ ಲೆವೆಲ್ ಏರುತ್ತದೆ. ಬರೀ ಪ್ಯಾರಾಸಿಟಮಾಲ್ ಆದರೆ ತೊಂದರೆ ಇಲ್ಲ. ಆದರೆ ಕೆಲವು ಮಾತ್ರೆಯಲ್ಲಿ ಎರಡೂ ಸೇರಿರುತ್ತವೆ, ಸ್ಟ್ರಿಪ್ಪಿನ ಹಿಂದೆ ಓದಿ. ರಕ್ತದೊತ್ತಡದ ಕೆಲವು ಮಾತ್ರೆಗಳೂ ಹೀಗೇ ಮಾಡುತ್ತವೆ. ಅಂಗಡಿಗೆ ಬಂದವರು 'ನನಗೆ ಬಿಪಿ' ಅಂದಾಗ ಯಾವ ಬಿಪಿ, ರಕ್ತದೊತ್ತಡವೋ ಬೈಪೋಲಾರೋ ಅಂತ ನಾನು ಎರಡು ಸಲ ಕೇಳುತ್ತೇನೆ.

ಕಲಬುರಗಿ ಬಿಸಿಲು
ಏಪ್ರಿಲ್ ಕೊನೆ ಅಂದರೆ ಬಿಸಿಲು. ನೀರು ಮರೆಯಬೇಡಿ ಅಕ್ಕ. ನನಗಾದದ್ದು ಹೇಳುತ್ತೇನೆ.

ಎರಡು ವರ್ಷದ ಹಿಂದೆ ಮೇ ತಿಂಗಳು. ಒಂದು ಊಟ ಕೆಟ್ಟು ವಾಂತಿ ಭೇದಿ ಶುರುವಾಯಿತು. ಲಿಥಿಯಂ ಮಾತ್ರ ಬಿಡಲಿಲ್ಲ, ಬಿಟ್ಟರೆ ತಲೆ ಕೆಡುತ್ತದೆ ಅನ್ನುವ ಹೆದರಿಕೆ. ಮೂರನೇ ದಿನ ಚಹಾದ ಲೋಟ ಹಿಡಿಯಲು ಆಗಲಿಲ್ಲ, ಕೈ ಅಷ್ಟು ನಡುಗುತ್ತಿತ್ತು. ಮಾತು ತೊದಲಿತು, ಕುಡಿದವರ ಹಾಗೆ ನಡೆದೆ. ಮೊದಲು ಹೋದ ಆಸ್ಪತ್ರೆಯಲ್ಲಿ ಬಿಸಿಲಿನ ಸುಸ್ತು ಅಂತ ಹೇಳಿ ಒಂದು ಬಾಟಲಿ ಹಾಕಿ ಕಳಿಸಿದರು. ಲಿಥಿಯಂ ಬಗ್ಗೆ ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಮರುದಿನ ನನ್ನ ಮನೋವೈದ್ಯರು ಟೆಸ್ಟ್ ಮಾಡಿಸಿದರು, ರಕ್ತದಲ್ಲಿ ಲಿಥಿಯಂ ಲೆವೆಲ್ 1.9. ಸಾಮಾನ್ಯವಾಗಿ 0.6ರಿಂದ 1.0ರ ಒಳಗೆ ಇರಬೇಕು. 1.5 ದಾಟಿದರೆ ಅಪಾಯ.

ಅವರು ಬಿಡಿಸಿ ಹೇಳಿದ ಮೇಲೆ ಅರ್ಥವಾಯಿತು. ಕಿಡ್ನಿ ಲಿಥಿಯಂ ಅನ್ನು ಹೆಚ್ಚುಕಡಿಮೆ ಉಪ್ಪಿನ ಹಾಗೇ ನೋಡುತ್ತದೆಯಂತೆ. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದಾಗ ಉಪ್ಪನ್ನು ಹಿಡಿದಿಡುವ ಭರದಲ್ಲಿ ಲಿಥಿಯಂ ಕೂಡ ಹಿಡಿದಿಡುತ್ತದೆ. ಅದಕ್ಕೇ ಬೇಸಿಗೆ, ಬೆವರು, ಭೇದಿ, ಒಮ್ಮೆಲೇ ಉಪ್ಪು ಬಿಡುವುದು, ಇವೆಲ್ಲ ನಮಗೆ ಒಂದೇ ಸಾಲಿನ ವಿಷಯಗಳು. ಈಗ ವಾಂತಿ ಭೇದಿ ಶುರುವಾದರೆ ಮೊದಲು ಡಾಕ್ಟರಿಗೆ ಫೋನ್, ಮುಂದಿನ ಮಾತ್ರೆ ಆಮೇಲೆ. ಪರ್ಸಿನಲ್ಲಿ 'ನಾನು ಲಿಥಿಯಂ ತಗೊಳ್ಳುತ್ತೇನೆ' ಅಂತ ಒಂದು ಚೀಟಿ ಇಟ್ಟಿದ್ದೇನೆ. ನೀವೂ ಇಟ್ಟುಕೊಳ್ಳಿ.

ಮಜ್ಜಿಗೆ ಪ್ರಿಯ
ಮದುವೆ ಮನೆಯಲ್ಲಿ ಮಜ್ಜಿಗೆ, ಪಾನಕ ಹೇಗೂ ಇರುತ್ತವೆ. ಒಳ್ಳೆಯದೇ ಆಯಿತು.

ಅವಳ ಗಂಡ
ನನ್ನ ಹೆಂಡತಿಗೆ ಬೈಪೋಲಾರ್. ಮದುವೆಯಾಗಿ ಹನ್ನೊಂದು ವರ್ಷ. 'ಮಾತ್ರೆ ತಗೊಂಡ್ಯಾ' ಓದಿದಾಗ ನನ್ನ ಮುಖಕ್ಕೇ ಹೇಳಿದ ಹಾಗಾಯಿತು. ನಾನೂ ಅದನ್ನೇ ಮಾಡುತ್ತಿದ್ದೆ. ಅವಳು ಸಿಟ್ಟು ಮಾಡಿಕೊಂಡರೆ ಮಾತ್ರೆ, ಹೊಸ ಸೀರೆ ಅಂದರೆ ಮಾತ್ರೆ, ಹಾಡು ಗುನುಗಿದರೂ ಮಾತ್ರೆ. ಒಂದು ದಿನ ಅವಳು, 'ನನಗೆ ಸಿಟ್ಟು ಬರಲು ನಿಮ್ಮ ಅನುಮತಿ ಬೇಕಾ?' ಅಂತ ಕೇಳಿದಳು. ಉತ್ತರ ಇರಲಿಲ್ಲ.

ಆಮೇಲೆ ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆದೆವು. ಅವಳಿಗೆ ಹೆಚ್ಚಾಗುವ ಮೊದಲು ಏನೇನಾಗುತ್ತದೆ? ಮೂರು ಸಿಕ್ಕವು. ರಾತ್ರಿ ಐದು ಗಂಟೆಗಿಂತ ಕಡಿಮೆ ನಿದ್ದೆ ಮಾಡಿಯೂ ಬೆಳಿಗ್ಗೆ ಲವಲವಿಕೆ. ಹಳೆಯ ಗೆಳತಿಯರಿಗೆಲ್ಲ ಒಂದೇ ದಿನ ಫೋನ್. ಬೀರುವಿನ ಬಟ್ಟೆ ಪೂರ್ತಿ ಹೊರಗೆ ತೆಗೆದು ಮತ್ತೆ ಜೋಡಿಸುವುದು. ಇವುಗಳಲ್ಲಿ ಎರಡು ಕಂಡರೆ ಮಾತ್ರ ನಾನು ಕೇಳಬಹುದು, ಅದೂ ಕೋಣೆಯೊಳಗೆ. ನಗು, ಅಳು, ಸಿಟ್ಟು ಆ ಹಾಳೆಯಲ್ಲಿಲ್ಲ. ಅವು ಎಲ್ಲರಿಗೂ ಇರುವಂಥವು.

ಜನರ ನಡುವೆ ಕೇಳಲೇಬೇಕು ಅನ್ನಿಸಿದರೆ 'ನೀರು ಕುಡಿದ್ಯಾ?' ಅನ್ನುತ್ತೇನೆ. ಅವಳು 'ಕುಡಿದೆ' ಅಂದರೆ ಸರಿ ಇದ್ದೇನೆ ಅಂತ. 'ಇನ್ನೂ ಇಲ್ಲ' ಅಂದರೆ ಇಲ್ಲಿಂದ ಕರೆದುಕೊಂಡು ಹೋಗು ಅಂತ. ಲಿಥಿಯಂ ಇರುವವರಿಗೆ ನೀರು ಹೇಗೂ ಬೇಕು. ನಿಮ್ಮ ಅಮ್ಮನ ಹತ್ತಿರ ಮದುವೆಗೆ ಮೊದಲೇ ಇದನ್ನು ಮಾತಾಡಿ ನೋಡಿ. ಅವರು ಹೆದರಿ ಕೇಳುತ್ತಿದ್ದಾರೆ. ಹೆದರಿದವರಿಗೆ ಸುಮ್ಮನಿರು ಅಂದರೆ ಆಗುವುದಿಲ್ಲ, ಕೇಳಲು ಬೇರೆ ಒಂದು ಮಾತು ಕೊಡಬೇಕು.

ಸಾಗರದ ಮಳೆ
ಸರ್, ಇದನ್ನು ಅಮ್ಮನಿಗೆ ಓದಿ ಹೇಳಿದೆ. ಏನೂ ಹೇಳಲಿಲ್ಲ. ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟರು.

ಪ್ರಕೃತಿ ಮಾರ್ಗ
ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಎಂಟು ವರ್ಷ, ಹದಿನೈದು ವರ್ಷ ಮಾತ್ರೆ ನುಂಗಿದರೆ ಕಿಡ್ನಿ ಏನಾಗಬೇಕು? ಮೂರು ವರ್ಷದಿಂದ ಆರಾಮಾಗಿದ್ದೀರಿ ಅಂದರೆ ವಾಸಿಯಾಗಿದೆ ಅಂತಲೇ ಅರ್ಥ. ಯೋಗ, ಪ್ರಾಣಾಯಾಮ, ಸಾತ್ವಿಕ ಊಟ ಸಾಕು.

ನೈಟ್ ಶಿಫ್ಟ್ ಬಿಟ್ಟವನು
ಇದೇ ಮಾತು ನಂಬಿ ನಾನು ಬಿಟ್ಟಿದ್ದೆ. ಆರಾಮಾಗಿದ್ದೆ, ಹಾಗಾಗಿ ಬಿಟ್ಟೆ. ಮೊದಲ ತಿಂಗಳು ಮೈ ಹಗುರ, ಕೈ ನಡುಕ ನಿಂತಿತ್ತು, ಬುದ್ಧಿ ಚುರುಕಾಯಿತು ಅನ್ನಿಸಿತು. ಎರಡನೇ ತಿಂಗಳು ಬೆಂಗಳೂರಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಪಿಎಫ್ ತೆಗೆದು, ಒಂದು ಆ್ಯಪ್ ಮಾಡುತ್ತೇನೆ ಅಂತ ಹೊರಟೆ. ಪೂರ್ತಿ ದುಡ್ಡು ಹೋಯಿತು. ಅದಾದ ಮೇಲೆ ಬಂದ ಡಿಪ್ರೆಶನ್ ಬಗ್ಗೆ ಬರೆಯುವಷ್ಟು ಧೈರ್ಯ ಇನ್ನೂ ಬಂದಿಲ್ಲ. ದಯವಿಟ್ಟು ಯಾರಿಗೂ ಮಾತ್ರೆ ಬಿಡಿ ಅಂತ ಹೇಳಬೇಡಿ.

ಔಷಧಿ ಅಂಗಡಿ ತುಮಕೂರು
ಕಿಡ್ನಿ ಬಗ್ಗೆ ಕೇಳಿದ್ದು ತಪ್ಪಲ್ಲ. ವರ್ಷಗಟ್ಟಲೆ ತಗೊಂಡಾಗ ಕೆಲವರಿಗೆ ಕಿಡ್ನಿ, ಥೈರಾಯ್ಡ್ ತೊಂದರೆ ಆಗುವುದು ನಿಜ. ಅದಕ್ಕೇ ಮೂರರಿಂದ ಆರು ತಿಂಗಳಿಗೊಮ್ಮೆ ಲಿಥಿಯಂ ಲೆವೆಲ್, ಕಿಡ್ನಿಗೆ ಕ್ರಿಯಾಟಿನಿನ್, ಥೈರಾಯ್ಡಿಗೆ ಟಿಎಸ್‌ಎಚ್ ನೋಡುವುದು. ಏರುಪೇರು ಕಂಡರೆ ಡಾಕ್ಟರ್ ಡೋಸ್ ಇಳಿಸುತ್ತಾರೆ, ಇಲ್ಲವೇ ಔಷಧಿ ಬದಲಿಸುತ್ತಾರೆ. ಲೆವೆಲ್ ಟೆಸ್ಟಿಗೆ ರಕ್ತವನ್ನು ಕೊನೆಯ ಮಾತ್ರೆ ತಗೊಂಡು 12 ಗಂಟೆ ಆದಮೇಲೆ ಕೊಡಬೇಕು. ರಾತ್ರಿ ಒಂಬತ್ತಕ್ಕೆ ನುಂಗಿದರೆ ಬೆಳಿಗ್ಗೆ ಒಂಬತ್ತಕ್ಕೆ. ಬೆಳಗಿನ ಮಾತ್ರೆ ಇದ್ದರೆ ರಕ್ತ ಕೊಟ್ಟ ಮೇಲೆ. ಎಷ್ಟೋ ಜನ ಮಾತ್ರೆ ನುಂಗಿಯೇ ಲ್ಯಾಬಿಗೆ ಹೋಗುತ್ತಾರೆ, ರಿಪೋರ್ಟ್ ನೋಡಿ ಗಾಬರಿಯಾಗುತ್ತಾರೆ.

ಇದೇನೂ ನಿನ್ನೆ ಮೊನ್ನೆಯ ಔಷಧಿ ಅಲ್ಲ. ಆಸ್ಟ್ರೇಲಿಯಾದ ಡಾಕ್ಟರ್ ಜಾನ್ ಕೇಡ್ ಉನ್ಮಾದಕ್ಕೆ, ಅಂದರೆ ಮನಸ್ಸು ಅತಿಯಾಗಿ ಏರುವ ಸ್ಥಿತಿಗೆ, ಲಿಥಿಯಂ ಕೊಟ್ಟು ನೋಡಿದ್ದನ್ನು 1949ರಲ್ಲೇ ಬರೆದರು. ಡೆನ್ಮಾರ್ಕಿನಲ್ಲಿ ಮೊಗೆನ್ಸ್ ಶೌ 1954ರಲ್ಲಿ ಸರಿಯಾದ ಪರೀಕ್ಷೆ ಮಾಡಿದರು. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1970ರಲ್ಲಿ. ಇಷ್ಟು ವರ್ಷ ಜನ ತಗೊಂಡಿದ್ದರಿಂದಲೇ ಇದರ ಒಳ್ಳೆಯದು ಕೆಟ್ಟದ್ದು ಎರಡೂ ಚೆನ್ನಾಗಿ ಗೊತ್ತಿದೆ.

ಪ್ರಕೃತಿ ಮಾರ್ಗ
ಸರಿ, ಬಿಡಿ ಅಂದದ್ದು ತಪ್ಪು, ಒಪ್ಪುತ್ತೇನೆ. ಆದರೆ ಯೋಗ ಬೇಡ ಅನ್ನಬೇಡಿ.

ಬೆಳಗಾವಿ ಕುಂದಾ
ಯಾರೂ ಬೇಡ ಅಂದಿಲ್ಲವಲ್ಲ ಸರ್. ನಾನು ದಿನಾ ಬೆಳಿಗ್ಗೆ ಆರಕ್ಕೆ ಎದ್ದು ನಡೆಯುತ್ತೇನೆ. ಏಳುವ ಹೊತ್ತು, ಊಟದ ಹೊತ್ತು, ಮಲಗುವ ಹೊತ್ತು ದಿನಾ ಒಂದೇ ಇದ್ದರೆ ಅರ್ಧ ಗೆದ್ದ ಹಾಗೆ. ಆದರೆ ಅದು ಮಾತ್ರೆಯ ಜೊತೆಗೆ. ಮಾತ್ರೆಗೆ ಬದಲಾಗಿ ಅಲ್ಲ.

ಚಿಕ್ಕಮಗಳೂರು ಕಾಫಿ
ವಿಷಯ ಸ್ವಲ್ಪ ಬೇರೆ. ಕಾಫಿ ಬಿಡಬೇಕಾ? ನಮ್ಮ ಮನೆಯಲ್ಲಿ ದಿನಕ್ಕೆ ಐದು ಲೋಟ.

ಔಷಧಿ ಅಂಗಡಿ ತುಮಕೂರು
ಒಮ್ಮೆಲೇ ಬಿಡಬೇಡಿ. ಕಾಫಿ ಕುಡಿದಾಗ ಲಿಥಿಯಂ ಮೂತ್ರದಲ್ಲಿ ಸ್ವಲ್ಪ ಜಾಸ್ತಿ ಹೋಗುತ್ತದೆ. ಐದು ಲೋಟ ಕುಡಿಯುವವರು ದಿಢೀರಂತ ನಿಲ್ಲಿಸಿದರೆ ಲೆವೆಲ್ ಏರಬಹುದು. ಡಾಕ್ಟರಿಗೆ ಹೇಳಿ, ನಿಧಾನವಾಗಿ ಇಳಿಸಿ.

ಸಾಗರದ ಮಳೆ
ನಾನು ಮಧ್ಯಾಹ್ನ ಎರಡರ ಮೇಲೆ ಕಾಫಿ ಮುಟ್ಟುವುದಿಲ್ಲ. ಆಮೇಲೆ ಏನಿದ್ದರೂ ಕಷಾಯ.

ಚಿಕ್ಕಮಗಳೂರು ಕಾಫಿ
ಕಷಾಯ ಕಾಫಿಗೆ ಸಮ ಅಂತ ಮಾತ್ರ ಹೇಳಬೇಡಿ ಅಕ್ಕ!

ಭಟ್ಕಳದ ಹುಡುಗಿ
ನೀರು, ಉಪ್ಪಿನ ಮಾತು ಬಂತು ಅಂತ ಹೇಳುತ್ತಿದ್ದೇನೆ. ರಂಜಾನ್ ಬರುವ ಒಂದು ತಿಂಗಳ ಮೊದಲೇ ನನ್ನ ಡಾಕ್ಟರ್ ಕರೆಸಿ ಮಾತಾಡುತ್ತಾರೆ. ಬೇಸಿಗೆಯಲ್ಲಿ ಬಂದ ವರ್ಷ ಉಪವಾಸ ಬೇಡ ಅಂದರು. ತುಂಬಾ ಅತ್ತೆ. ಕಾಯಿಲೆ ಇರುವವರಿಗೆ ವಿನಾಯಿತಿ ಇದೆ, ಬದಲಿಗೆ ಬಡವರಿಗೆ ಊಟ ಕೊಡಬಹುದು ಅಂತ ಅಬ್ಬಾ ಸಮಾಧಾನ ಮಾಡಿದರು. ಈಗ ಆ ಊಟ ನಾನೇ ಬಡಿಸುತ್ತೇನೆ. ಏಕಾದಶಿ ಮಾಡುವವರೂ ಒಮ್ಮೆ ಕೇಳಿಕೊಳ್ಳಿ, ನಿರ್ಜಲ ಉಪವಾಸ ನಮಗೆ ಆಗಿಬರುವುದಿಲ್ಲ.

ಕಿಟಕಿ ಪಕ್ಕ
ನೀವೆಲ್ಲ ಮದುವೆ, ಹಬ್ಬ ಅಂತ ಮಾತಾಡುತ್ತಿದ್ದೀರಿ. ನನಗೆ ಇಪ್ಪತ್ತು ದಿನದಿಂದ ಹಾಸಿಗೆ ಬಿಟ್ಟು ಏಳಲು ಆಗುತ್ತಿಲ್ಲ. ಸ್ನಾನ ಮಾಡಿ ಐದು ದಿನವಾಯಿತು. ಮನೆಯಲ್ಲಿ ಸೋಮಾರಿ ಅಂತಾರೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಡಿಪ್ರೆಶನ್ ಮಾತ್ರೆ ಬರೆಸಿಕೊಂಡರೆ ಸಾಕಾ?

ನೈಟ್ ಶಿಫ್ಟ್ ಬಿಟ್ಟವನು
ಬರೆದದ್ದು ಒಳ್ಳೆಯದಾಯಿತು. ಅಲ್ಲಿ ಹೋದರೆ ಬೈಪೋಲಾರ್ ಇದೆ ಅಂತ ಮೊದಲೇ ಹೇಳಿ. ನಮಗೆ ಬರೀ ಡಿಪ್ರೆಶನ್ ಮಾತ್ರೆ ಕೊಟ್ಟರೆ ಕೆಲವೊಮ್ಮೆ ಮನಸ್ಸು ನೇರ ಉನ್ಮಾದಕ್ಕೆ ಹಾರಿಬಿಡುತ್ತದೆ. ನಿಮ್ಮ ಮನೋವೈದ್ಯರನ್ನೇ ನೋಡಿ. ಹೋಗಲು ಆಗದಿದ್ದರೆ ಇವತ್ತೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಸಾಯುವ ಯೋಚನೆ ಏನಾದರೂ ಬರುತ್ತಿದೆಯಾ? ನೇರವಾಗಿ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ಕಿಟಕಿ ಪಕ್ಕ
ಅಷ್ಟು ಇಲ್ಲ. ಬರೀ ಭಾರ. ಫೋನ್ ಮಾಡುತ್ತೇನೆ.

ಕಲಬುರಗಿ ಬಿಸಿಲು
ಸ್ನಾನ ಬಿಡಿ. ಟೂತ್‌ಬ್ರಷ್ಷು, ಒಂದು ಚೊಂಬು ನೀರು ಮಂಚದ ಪಕ್ಕ ಇಟ್ಟುಕೊಳ್ಳಿ. ಕೂತಲ್ಲೇ ಹಲ್ಲುಜ್ಜಿ. ಅಂಥ ದಿನಗಳಲ್ಲಿ ನನಗೆ ಅದೊಂದೇ ಕೆಲಸ. ಮಧ್ಯಾಹ್ನ ಆದರೂ ಪರವಾಗಿಲ್ಲ.

ಅವಳ ಗಂಡ
ಆ ಭಾರದ ದಿನಗಳನ್ನು ನಾನು ಹೊರಗಿನಿಂದ ನೋಡಿದ್ದೇನೆ. ಸೋಮಾರಿತನ ಅಲ್ಲ ಅದು. ಯಾರಾದರೂ ಹಾಗಂದರೆ ಈ ಪುಟ ತೋರಿಸಿ.

ತಾಲ್ಲೂಕು ಆಸ್ಪತ್ರೆ
ಹಳ್ಳಿಯಲ್ಲಿ ಇರುವವರಿಗೆ ಒಂದು ಮಾತು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಪ್ರತಿ ಸಲ ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಓಡುವುದು ತಪ್ಪುತ್ತದೆ. ಎಷ್ಟೋ ಜನ ಮಾತ್ರೆ ಬಿಡುವುದು ಕಾಯಿಲೆ ಒಪ್ಪದೆ ಅಲ್ಲ, ಬಸ್ಸಿನ ಖರ್ಚು, ಒಂದು ದಿನದ ಕೂಲಿ ತಾಳದೆ.

ಎರಡು ಮಕ್ಕಳ ತಾಯಿ
ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಹುಡುಗನ ಮನೆಯವರಿಗೆ ಗೊತ್ತಾ? ನಾಳೆ ಗೊತ್ತಾದರೆ ತಂಗಿಗೆ ಕಷ್ಟ ಅಲ್ವಾ?

ಭಟ್ಕಳದ ಹುಡುಗಿ
ಅಕ್ಕನ ಕಾಯಿಲೆಯನ್ನು ತಂಗಿ ಯಾಕೆ ಹೇಳಿಕೊಂಡು ತಿರುಗಬೇಕು? ಸಕ್ಕರೆ ಕಾಯಿಲೆ ಇದ್ದರೆ ಹೀಗೆ ಕೇಳುತ್ತಿದ್ದರಾ?

ಎರಡು ಮಕ್ಕಳ ತಾಯಿ
ಕೇಳುತ್ತಾರೆ, ಸಂಬಂಧ ನೋಡುವಾಗ ಎಲ್ಲವನ್ನೂ ಕೇಳುತ್ತಾರೆ. ನಾನು ಒಳ್ಳೆಯದಕ್ಕೇ ಹೇಳಿದ್ದು. ನನ್ನ ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದರು. ಮಾತ್ರೆ ಬಚ್ಚಲುಮನೆಯಲ್ಲಿ ನುಂಗುತ್ತಿದ್ದೆ. ಹೊಟ್ಟೆಯಲ್ಲಿ ಮಗು ನಿಂತ ಮೇಲೆ ಹೆದರಿ ಹೇಳಿದೆ. ಆಗ ತಗೊಳ್ಳುತ್ತಿದ್ದದ್ದು ವಾಲ್ಪ್ರೊಯೇಟ್, ಬೈಪೋಲಾರಿಗೆ ಕೊಡುವ ಇನ್ನೊಂದು ಮಾತ್ರೆ. ಅದು ಹೊಟ್ಟೆಯಲ್ಲಿರುವ ಮಗುವಿನ ಬೆನ್ನುಹುರಿಗೆ, ಬೆಳವಣಿಗೆಗೆ ತೊಂದರೆ ಮಾಡಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ದೇವರ ದಯೆ, ಮಗು ಚೆನ್ನಾಗಿದ್ದಾಳೆ. ಎರಡನೆಯದಕ್ಕೆ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ ಔಷಧಿ ಬದಲಿಸಿಕೊಂಡೆವು. ಹೆಣ್ಣುಮಕ್ಕಳೇ, ನೀವಾಗಿ ನಿಲ್ಲಿಸಬೇಡಿ, ಆದರೆ ಮಗುವಿನ ಯೋಚನೆ ಬಂದ ದಿನವೇ ಕೇಳಿ. ಮುಚ್ಚಿಟ್ಟದ್ದರಿಂದ ನನಗೆ ಸಿಕ್ಕಿದ್ದು ಹೆದರಿಕೆ ಮಾತ್ರ.

ಸಾಗರದ ಮಳೆ
ಅಕ್ಕ, ಬೇಜಾರಿಲ್ಲ. ಅಮ್ಮನಿಗೂ ಇದೇ ಚಿಂತೆ ಇತ್ತು. ನಿಶ್ಚಯಕ್ಕೆ ಮೊದಲೇ ತಂಗಿ ಹುಡುಗನಿಗೆ ಹೇಳಿದ್ದಾಳೆ, ನನ್ನನ್ನು ಕೇಳಿಯೇ. ಅವನು, 'ನಿನಗೂ ಬರುತ್ತದಾ, ಮಕ್ಕಳಿಗೆ ಬರುತ್ತದಾ' ಅಂತೆಲ್ಲ ಕೇಳಿದನಂತೆ. ಇಬ್ಬರೂ ನನ್ನ ಡಾಕ್ಟರ್ ಹತ್ತಿರ ಹೋಗಿ ಬಂದರು. ಹತ್ತಿರದ ರಕ್ತಸಂಬಂಧದಲ್ಲಿ ಬೇರೆಯವರಿಗಿಂತ ಸಂಭವ ಜಾಸ್ತಿ, ಆದರೂ ಬಹಳಷ್ಟು ಜನಕ್ಕೆ ಬರುವುದೇ ಇಲ್ಲ ಅಂತ ಅವರು ಹೇಳಿದರು. ಮದುವೆ ನಿಂತಿಲ್ಲ.

ಅವಳ ಗಂಡ
ಒಳ್ಳೆಯ ಹುಡುಗ. ಇನ್ನೊಂದು, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನಾವು ಹುಷಾರಾಗಿರುವಾಗಲೇ, ಮುಂದೆ ಹೆಚ್ಚಾದರೆ ಹೇಗೆ ಚಿಕಿತ್ಸೆ ಬೇಕು, ನಮ್ಮ ಪರವಾಗಿ ಯಾರು ಮಾತಾಡಬೇಕು ಅಂತ ಬರೆದಿಡಬಹುದು. ಹೆಂಡತಿ ನನ್ನ ಹೆಸರು ಬರೆದಿದ್ದಾಳೆ. ಆ ಕಾಗದ ನನಗೆ ಮದುವೆ ಪತ್ರದಷ್ಟೇ ಮುಖ್ಯ. ದೇಹದ ಕಾಯಿಲೆಗೆ ಕೊಡುವ ಹಾಗೇ ಇದಕ್ಕೂ ವಿಮೆ ಕೊಡಬೇಕು ಅಂತಲೂ ಅದೇ ಕಾಯ್ದೆಯಲ್ಲಿದೆ.

ಮಜ್ಜಿಗೆ ಪ್ರಿಯ
ಮದುವೆ ಖರ್ಚಿನ ದುಡ್ಡು ಯಾರ ಕೈಯಲ್ಲಿರುತ್ತದೆ? ನನ್ನ ಫೋನಿನಲ್ಲಿ ದಿನಕ್ಕೆ ಎರಡು ಸಾವಿರ ರೂಪಾಯಿಗಿಂತ ಜಾಸ್ತಿ ಹೋಗದ ಹಾಗೆ ಮಿತಿ ಹಾಕಿಸಿದ್ದೇನೆ. ಕಾರ್ಡು ತಮ್ಮನ ಹತ್ತಿರ.

ಸಾಗರದ ಮಳೆ
ಅತ್ತಿಗೆಯ ಕೈಯಲ್ಲಿ. ನಾನೇ ಕೊಟ್ಟೆ.

ಸಾಗರದ ಮಳೆ
ಮದುವೆ ಮುಗಿಯಿತು. ಹೇಗಾಯಿತು ಅಂತ ಬರೆಯುತ್ತೇನೆ.

ಹೋಗುವ ಮೊದಲು ಡಾಕ್ಟರನ್ನು ನೋಡಿ ಬಂದೆ. ನಿದ್ದೆ ಐದು ಗಂಟೆಗಿಂತ ಕಡಿಮೆಯಾದರೆ ಏನು ಮಾಡಬೇಕು ಅಂತ ಅವರೇ ಚೀಟಿಯಲ್ಲಿ ಬರೆದುಕೊಟ್ಟರು. ಮೂರು ರಾತ್ರಿ ದೊಡ್ಡಮ್ಮನ ಮನೆಯಲ್ಲಿ ಮಲಗಿದೆ. ತೋಟ ದಾಟಿ, ಹಳ್ಳದ ಸಂಕ ದಾಟಿ ಹೋಗಬೇಕು. ಒಂಬತ್ತೂವರೆಗೆ ಚಿಕ್ಕಪ್ಪನ ಮಗ ಟಾರ್ಚ್ ಹಿಡಿದು ಬಂದು 'ಅಕ್ಕಾ, ಹೊರಡು' ಅನ್ನುತ್ತಿದ್ದ. ಮೊದಲ ರಾತ್ರಿ ಸಂಕದ ಮೇಲೆ ನಿಂತು ಹಿಂದೆ ನೋಡಿದೆ. ಚಪ್ಪರದ ಲೈಟು, ನಗು, ಯಾರೋ ಹಾಡುತ್ತಿದ್ದರು. ಅಳು ಬಂತು. ಅವನು ಏನೂ ಕೇಳಲಿಲ್ಲ, ನನ್ನ ಕಾಲಿನ ಮುಂದೆ ಬೆಳಕು ಬಿಟ್ಟುಕೊಂಡು ನಿಂತ.

ಧಾರೆಯ ದಿನ ನಾಲ್ಕೂವರೆಗೆ ಎದ್ದೆ. ಹಿಂದಿನ ರಾತ್ರಿ ಒಂಬತ್ತಕ್ಕೇ ಮಲಗಿದ್ದೆ. ತಂಗಿಯ ಜಡೆ ನಾನೇ ಹೆಣೆದೆ. ಅಮ್ಮ ಒಂದೇ ಒಂದು ಸಲ ಎಲ್ಲರ ಮುಂದೆ 'ಮಾತ್ರೆ' ಅಂತ ಶುರು ಮಾಡಿ, ನಿಲ್ಲಿಸಿ, 'ನೀರು ಕುಡಿದ್ಯಾ?' ಅಂದರು. ಅತ್ತೆಯೊಬ್ಬರು ಅದನ್ನು ಕೇಳಿಸಿಕೊಂಡು, ಪಾಪ ಹುಡುಗಿಗೆ ಬಾಯಾರಿಕೆ ಅಂದುಕೊಂಡು ಒಂದು ತಂಬಿಗೆ ಪಾನಕ ತಂದರು. ಅಮ್ಮ, ನಾನು ಮುಖ ನೋಡಿಕೊಂಡು ನಕ್ಕೆವು. ಜೋರಾಗಿಯೇ ನಕ್ಕೆ.

ನಾಲ್ಕನೇ ರಾತ್ರಿ ಹುಡುಗನ ಊರಲ್ಲಿ ಕೆಟ್ಟಿತು. ನಾಲ್ಕು ಗಂಟೆ ನಿದ್ದೆ ಅಷ್ಟೇ. ಬೆಳಿಗ್ಗೆ ಮೈಯಲ್ಲಿ ಆ ಹಳೆಯ ಚುರುಕು ಕಂಡಿತು. ಹಿತವಾಗಿತ್ತು, ಅದಕ್ಕೇ ಹೆದರಿಕೆಯಾಯಿತು. ಡಾಕ್ಟರಿಗೆ ಫೋನ್ ಮಾಡಿ, ಚೀಟಿಯಲ್ಲಿದ್ದಂತೆ ಮಾಡಿದೆ. ಊಟಕ್ಕೆ ನಿಲ್ಲದೆ ಅಣ್ಣನ ಜೊತೆ ಮನೆಗೆ ಬಂದು ಕಿಟಕಿ ಮುಚ್ಚಿ ಮಲಗಿದೆ. ಈಗ ಐದು ದಿನವಾಯಿತು, ಏಳು ಗಂಟೆ ನಿದ್ದೆ ಬರುತ್ತಿದೆ.

ಬೆಳಗಾವಿ ಕುಂದಾ
ಭೇಷ್ ತಂಗೀ. ಓದಿ ಕಣ್ಣು ತುಂಬಿತು.

ಔಷಧಿ ಅಂಗಡಿ ತುಮಕೂರು
ಲೆವೆಲ್ ಟೆಸ್ಟ್ ಯಾವಾಗ?

ಸಾಗರದ ಮಳೆ
ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ, ಹನ್ನೆರಡು ಗಂಟೆ ಲೆಕ್ಕ ಹಾಕಿದ್ದೇನೆ. ಕಿಟಕಿ ಪಕ್ಕ ಅವರೇ, ಹೇಗಿದ್ದೀರಿ?

ಕಿಟಕಿ ಪಕ್ಕ
14416ಕ್ಕೆ ಮಾತಾಡಿದೆ. ಮಂಗಳವಾರ ಅಪ್ಪನ ಜೊತೆ ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದೆ, ಡಾಕ್ಟರ್ ಮಾತ್ರೆ ಬದಲಿಸಿದ್ದಾರೆ. ಇವತ್ತು ಅಂಗಳದವರೆಗೆ ಹೋಗಿ ಬಂದೆ.

ಕಲಬುರಗಿ ಬಿಸಿಲು
ಬಿಸಿಲಿತ್ತಾ?

ಕಿಟಕಿ ಪಕ್ಕ
ಇತ್ತು. ಹತ್ತು ನಿಮಿಷ ಕೂತಿದ್ದೆ.